ಕಾಲು ಗಂಟೆಯ ಶಸ್ತ್ರಚಿಕಿತ್ಸೆಗೆ ಎಷ್ಟು ಹೊತ್ತಿನ ಅರಿವಳಿಕೆ?

ಗರ್ಭಕೋಶದ ಬಾಯಿ ಅವಧಿಗೆ ಮುನ್ನವೇ ತೆರೆದುಕೊಂಡು ಹಿಂದೆ ಗರ್ಭ ಕಳೆದುಕೊಂಡ ಮಹಿಳೆಯರಿಗೆ, ಮತ್ತೆ ಬಸುರಾದಾಗ 12ರಿಂದ 14ನೇ ವಾರದ ಹೊತ್ತಿಗೆ ಅಲ್ಲೊಂದು ಹೊಲಿಗೆ ಹಾಕುವುದುಂಟು. ನುರಿತ ಕೈಗೆ ಅದು 15–20 ನಿಮಿಷದ ಕೆಲಸ. ಹೊಟ್ಟೆ ಕೊಯ್ಯುವ ಪ್ರಮೇಯವಿಲ್ಲ, ಹೆಚ್ಚಿನ ರಕ್ತಸ್ರಾವವಿಲ್ಲ. ಬೆಳಿಗ್ಗೆ ಬಂದವರು ಸಂಜೆಗೆ ಮನೆ ಸೇರಬಹುದಾದ ಚಿಕಿತ್ಸೆ. ಆದರೆ ಬಹಳಷ್ಟು ಆಸ್ಪತ್ರೆಗಳಲ್ಲಿ ಹಾಗೆ ನಡೆಯುವುದಿಲ್ಲ. ಹೊಲಿಗೆ ಮುಗಿದು ಮೂರು ಗಂಟೆ ಕಳೆದರೂ ಸೊಂಟದ ಕೆಳಗಿನ ಜೋಮು ಬಿಟ್ಟಿರುವುದಿಲ್ಲ. ಕಾಲು ಸ್ವಾಧೀನಕ್ಕೆ ಬಂದ ಮೇಲೂ ಮೂತ್ರ ಬರುವುದು ತಡವಾಗುತ್ತದೆ. ಅಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೊರಟುಹೋಗಿರುತ್ತದೆ, ಮಹಿಳೆ ಆ ರಾತ್ರಿ ವಾರ್ಡಿನಲ್ಲೇ ಉಳಿಯುತ್ತಾಳೆ.

ಇದಕ್ಕೆ ಮುಖ್ಯ ಕಾರಣ ಹೊಲಿಗೆಯಲ್ಲ, ಹೊಲಿಗೆಗಾಗಿ ಬೆನ್ನಿಗೆ ಕೊಟ್ಟ ಔಷಧಿ. ಎರಡು ಗಂಟೆಯ ಶಸ್ತ್ರಚಿಕಿತ್ಸೆಗೆ ಸಾಲುವಷ್ಟು ಹೊತ್ತು ಕೆಲಸ ಮಾಡುವ ಔಷಧಿಯನ್ನೇ ಕಾಲು ಗಂಟೆಯ ಕೆಲಸಕ್ಕೂ ಬಳಸುವುದು ದಶಕಗಳಿಂದ ನಡೆದು ಬಂದಿದೆ. ಬೇಗ ಇಳಿಯುವ ಔಷಧಿಗಳು ಈಗ ಮತ್ತೆ ಬಳಕೆಗೆ ಬರುತ್ತಿರುವುದರಿಂದ ಈ ರೂಢಿಯನ್ನು ಪ್ರಶ್ನಿಸುವ ಕಾಲ ಬಂದಿದೆ. ಯಾವ ಔಷಧಿ ಮೇಲು ಎಂಬುದು ಅರಿವಳಿಕೆ ತಜ್ಞರ ಒಳಕೋಣೆಯ ಚರ್ಚೆಯಂತೆ ಕಂಡೀತು. ಆದರೆ ಅದರ ಫಲವನ್ನು ಉಣ್ಣುವವರು ಬಸುರಿಯರು, ಬಾಣಂತಿಯರು ಮತ್ತು ಅವರ ಜೊತೆಗೆ ಬಂದು ವರಾಂಡದಲ್ಲಿ ಕೂತವರು. ಹಾಗಾಗಿ ಇದು ಎಲ್ಲರೂ ತಿಳಿದಿರಬೇಕಾದ ವಿಷಯ.

ಬೆನ್ನಿಗೇ ಏಕೆ?

ಪ್ರಸೂತಿ ವಿಭಾಗದಲ್ಲಿ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸಗಳು ಹಲವು. ಗರ್ಭಕಂಠದ ಹೊಲಿಗೆ, ಗರ್ಭಪಾತದ ನಂತರ ಗರ್ಭಕೋಶ ಶುಚಿಗೊಳಿಸುವುದು, ಒಳಗೇ ಉಳಿದ ಮಾಸು ತೆಗೆಯುವುದು, ಹೆರಿಗೆಯಲ್ಲಿ ಆದ ಆಳದ ಸೀಳುಗಾಯವನ್ನು ಸರಿಪಡಿಸುವುದು, ಹೆರಿಗೆಯ ಮರುದಿನದ ಟ್ಯೂಬೆಕ್ಟಮಿ. ಇವಕ್ಕೆಲ್ಲ ಬೆನ್ನಿನ ಇಂಜೆಕ್ಷನ್ ಬೇಕೇಬೇಕೆಂದೂ ಇಲ್ಲ. ಮೊದಲ ಮೂರು ತಿಂಗಳ ಗರ್ಭಪಾತದ ನಂತರ ಕೈಪಂಪಿನಿಂದ ಗರ್ಭಕೋಶ ಶುಚಿಗೊಳಿಸಲು ಗರ್ಭಕಂಠದ ಸುತ್ತ ಕೊಡುವ ಸ್ಥಳೀಯ ಇಂಜೆಕ್ಷನ್ ಮತ್ತು ನೋವಿನ ಮಾತ್ರೆ ಬಹಳ ಸಲ ಸಾಕಾಗುತ್ತದೆ. ಹಾಕಿದ ಹೊಲಿಗೆಯನ್ನು 36–37ನೇ ವಾರದಲ್ಲಿ ಬಿಚ್ಚುವಾಗ ಸಾಮಾನ್ಯವಾಗಿ ಯಾವ ಅರಿವಳಿಕೆಯೂ ಬೇಕಾಗುವುದಿಲ್ಲ. ಯಾವ ಔಷಧಿ ಎಂದು ಕೇಳುವ ಮೊದಲು ಅರಿವಳಿಕೆ ಎಷ್ಟರಮಟ್ಟಿಗೆ ಬೇಕು ಎಂದು ಕೇಳಬೇಕು. ಈ ಮೊದಲ ಪ್ರಶ್ನೆಯನ್ನು ನಾವು ಹಲವು ಸಲ ದಾಟಿಯೇ ಹೋಗುತ್ತೇವೆ.

ಬೇಕೆಂದಾದಲ್ಲಿ ಬಸುರಿಗೆ ಬೆನ್ನಿನ ಅರಿವಳಿಕೆಯನ್ನು ಮುಂದಿಡಲು ಗಟ್ಟಿ ಕಾರಣಗಳಿವೆ. ಪೂರ್ಣ ಅರಿವಳಿಕೆಯಲ್ಲಿ ಪ್ರಜ್ಞೆ ತಪ್ಪಿಸಿ ಉಸಿರಾಟದ ಹೊಣೆಯನ್ನು ವೈದ್ಯರು ಹೊರಬೇಕು. ಬಸುರಿಯ ಗಂಟಲಿನ ಒಳಭಾಗ ಊದಿಕೊಂಡಿರುತ್ತದೆ, ಕೊಳವೆ ಹಾಕುವುದು ಕಷ್ಟವಾಗಬಹುದು. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಹೆಚ್ಚು. ಮೇಲಾಗಿ ಕೊಟ್ಟ ಔಷಧಿಗಳು ರಕ್ತದ ಮೂಲಕ ಭ್ರೂಣಕ್ಕೂ ತಲುಪುತ್ತವೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೆಲವೇ ಮಿಲಿಲೀಟರಿನಷ್ಟು ಔಷಧಿ ಕೊಟ್ಟರೆ ಸೊಂಟದ ಕೆಳಗೆ ನೋವು ತಿಳಿಯುವುದಿಲ್ಲ, ಮಹಿಳೆ ಎಚ್ಚರವಾಗಿದ್ದು ಮಾತಾಡುತ್ತಿರುತ್ತಾಳೆ, ಮಗುವಿಗೆ ಹೋಗುವ ಔಷಧಿ ನಗಣ್ಯ. ಈ ವಿಧಾನದ ಸಾಮರ್ಥ್ಯದ ಬಗ್ಗೆ ತಜ್ಞರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಚರ್ಚೆ ಇರುವುದು ಸಿರಿಂಜಿನೊಳಗೆ ಏನಿರಬೇಕು ಎಂಬುದರ ಮೇಲೆ.

ಕೊಕೇನಿನಿಂದ ಬ್ಯುಪಿವಕೇನ್‌ವರೆಗೆ

1898ರಲ್ಲಿ ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯರೊಬ್ಬರು ಬೆನ್ನಿಗೆ ಕೊಕೇನ್ ಕೊಟ್ಟು ಶಸ್ತ್ರಚಿಕಿತ್ಸೆ ನಡೆಸಿದರು. ಬಳಿಕ ಅದೇ ಪ್ರಯೋಗಕ್ಕೆ ತಮ್ಮ ಬೆನ್ನನ್ನೂ ಒಡ್ಡಿಕೊಂಡು ಹಲವು ದಿನ ತಲೆನೋವಿನಿಂದ ಮಲಗಿದರು. ಎರಡೇ ವರ್ಷದಲ್ಲಿ, 1900ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೆರಿಗೆ ನೋವಿನಲ್ಲಿದ್ದ ಮಹಿಳೆಯರಿಗೆ ಇದೇ ವಿಧಾನ ಬಳಕೆಯಾಯಿತು. ಕೊಕೇನ್ ವಿಷಕಾರಿ. ಅದರ ಜಾಗಕ್ಕೆ 1905ರ ಹೊತ್ತಿಗೆ ಪ್ರೊಕೇನ್ ಬಂತು. 1943ರಲ್ಲಿ ಸ್ವೀಡನ್ನಿನಲ್ಲಿ ಲಿಗ್ನೋಕೇನ್ ತಯಾರಾಯಿತು, 1957ರಲ್ಲಿ ಅದೇ ದೇಶದಲ್ಲಿ ಬ್ಯುಪಿವಕೇನ್.

ದಾರಿ ನೇರವಾಗಿರಲಿಲ್ಲ. 1947ರಲ್ಲಿ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಒಂದೇ ದಿನ ಬೆನ್ನಿನ ಅರಿವಳಿಕೆ ಪಡೆದ ಇಬ್ಬರು ಸೊಂಟದ ಕೆಳಗೆ ಶಾಶ್ವತವಾಗಿ ಸ್ವಾಧೀನ ಕಳೆದುಕೊಂಡರು. ಔಷಧಿಯ ಗಾಜಿನ ಆಂಪೂಲುಗಳನ್ನು ಅದ್ದಿಟ್ಟಿದ್ದ ಫೀನಾಲ್ ಕೂದಲೆಳೆಯ ಬಿರುಕುಗಳಿಂದ ಒಳಗಿಳಿದಿತ್ತೆಂದು ನ್ಯಾಯಾಲಯದಲ್ಲಿ ವಾದ ನಡೆಯಿತು. ಉಪಕರಣ ಶುಚಿಗೊಳಿಸುವ ಆಮ್ಲವೇ ಕಾರಣವಿದ್ದೀತೆಂದು ನಂತರದವರು ಶಂಕಿಸಿದರು. ಕಾರಣ ಯಾವುದಾದರೂ ಆಗಿರಲಿ, ಆ ದೇಶದಲ್ಲಿ ಬೆನ್ನಿನ ಅರಿವಳಿಕೆಯ ಮೇಲಿನ ನಂಬಿಕೆ ಚೇತರಿಸಿಕೊಳ್ಳಲು ದಶಕಗಳೇ ಹಿಡಿದವು. ಬೆನ್ನಿನ ದ್ರವಕ್ಕೆ ಸೇರುವ ಹನಿಯಲ್ಲಿ ಔಷಧಿಯ ಜೊತೆ ಇನ್ನೇನಿದೆ ಎಂಬ ಪ್ರಶ್ನೆ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಚಿಕ್ಕ ಕೆಲಸಗಳಿಗೆ ಬಹುಕಾಲ ಮೆಚ್ಚಿನ ಔಷಧಿಯಾಗಿದ್ದದ್ದು ಲಿಗ್ನೋಕೇನ್. ಗ್ಲೂಕೋಸ್ ಬೆರೆಸಿ ಭಾರವಾಗಿಸಿದ ಅದರ ಶೇ 5ರ ದ್ರಾವಣವನ್ನು ನಮ್ಮ ಹಿರಿಯ ಅರಿವಳಿಕೆ ತಜ್ಞರು ‘ಹೆವಿ’ ಎಂದೇ ಕರೆಯುತ್ತಿದ್ದರು. ಬೇಗ ಹಿಡಿಯುತ್ತಿತ್ತು, ಒಂದರಿಂದ ಒಂದೂವರೆ ಗಂಟೆಯಲ್ಲಿ ಬಿಡುತ್ತಿತ್ತು. 1991ರಲ್ಲಿ, ಬೆನ್ನಿನೊಳಗೆ ಕೂದಲಿನಷ್ಟು ತೆಳುವಾದ ಕ್ಯಾತಿಟರ್ ಬಿಟ್ಟು ಈ ಔಷಧಿಯನ್ನು ಮತ್ತೆ ಮತ್ತೆ ಕೊಟ್ಟ ಕೆಲವರಲ್ಲಿ ನರಮೂಲಗಳಿಗೆ ಹಾನಿಯಾದ ವರದಿಗಳು ಬಂದವು. ಮರುವರ್ಷ ಅಮೆರಿಕದಲ್ಲಿ ಆ ಕ್ಯಾತಿಟರುಗಳನ್ನು ಹಿಂತೆಗೆದುಕೊಂಡರು. 1993ರಿಂದ ಇನ್ನೊಂದು ತೊಂದರೆ ದಾಖಲಾಗತೊಡಗಿತು. ಜೋಮು ಬಿಟ್ಟು ಮನೆಗೆ ಹೋದವರಿಗೆ 24 ಗಂಟೆಯೊಳಗೆ ಪೃಷ್ಠದಿಂದ ತೊಡೆಯ ಹಿಂಭಾಗಕ್ಕೆ ಇಳಿಯುವ ನೋವು ಶುರುವಾಗುತ್ತಿತ್ತು. ಶಕ್ತಿ ಕುಂದುವುದಿಲ್ಲ, ಸ್ಪರ್ಶ ತಪ್ಪುವುದಿಲ್ಲ, ನಾಲ್ಕೈದು ದಿನದಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ಲಿಗ್ನೋಕೇನ್ ಪಡೆದವರಲ್ಲಿ ಸುಮಾರು ಏಳರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂದು ಪ್ರಯೋಗಗಳನ್ನು ಒಟ್ಟುಗೂಡಿಸಿದ ಪರಾಮರ್ಶೆಗಳು ತೋರಿಸಿದವು. ಕಾಲುಗಳನ್ನು ಮೇಲೆತ್ತಿ ಅಗಲಿಸಿ ಕಟ್ಟುವ ಭಂಗಿಯಲ್ಲಿ ಇದು ಇನ್ನೂ ಹೆಚ್ಚು. ಗರ್ಭಕಂಠದ ಹೊಲಿಗೆಗೆ ಬೇಕಾದದ್ದು ಅದೇ ಭಂಗಿ. ಗರ್ಭಿಣಿಯರಲ್ಲಿ, ಆಗಷ್ಟೇ ಹೆತ್ತವರಲ್ಲಿ ಈ ನೋವು ಇತರರಿಗಿಂತ ಕಡಿಮೆ ಎಂಬ ಅಧ್ಯಯನಗಳೂ ಇವೆ. ಆದರೂ ಅಷ್ಟು ಹೊತ್ತಿಗೆ ವೈದ್ಯರ ಮನಸ್ಸು ತಿರುಗಿಯಾಗಿತ್ತು.

ಹೀಗೆ ತೆರವಾದ ಜಾಗವನ್ನು ಬ್ಯುಪಿವಕೇನ್ ತುಂಬಿತು. ಅದು ಇವತ್ತಿಗೂ ಜಗತ್ತಿನ ಪ್ರಸೂತಿ ಥಿಯೇಟರುಗಳ ಆಧಾರ. ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಅಗ್ಗವಾಗಿದೆ, ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲೂ ಸಿಗುತ್ತದೆ. ತೊಡೆ ನೋವಿನ ತೊಂದರೆ ಅಪರೂಪ. ದೋಷವೆಂದರೆ ಒಂದೇ: ಅದು ಬೇಗ ಬಿಡುವುದಿಲ್ಲ.

ಮರಳಿ ಬಂದ ಹಳೆಯ ಔಷಧಿ

ಈಗ ಬ್ಯುಪಿವಕೇನ್‌ಗೆ ಎದುರಾಗಿ ನಿಂತಿರುವ ಕ್ಲೋರೊಪ್ರೊಕೇನ್ ಹೊಸ ಆವಿಷ್ಕಾರವಲ್ಲ. 1952ರ ಸುಮಾರಿಗೇ ಅದನ್ನು ಬೆನ್ನಿಗೆ ಕೊಟ್ಟು ನೋಡಿದ್ದರು. ನಂತರ ಹೆರಿಗೆ ನೋವಿಗೆ, ಬೆನ್ನಿನ ದ್ರವವನ್ನು ಸುತ್ತಿದ ಪೊರೆಯ ಹೊರಗೆ ಕೊಡುವ ಎಪಿಡ್ಯೂರಲ್ ರೂಪದಲ್ಲಿ ಅಮೆರಿಕದಲ್ಲಿ ಬಹಳ ಬಳಕೆಯಾಯಿತು. ತಾಯಿಯ ರಕ್ತಕ್ಕೆ ಸೇರಿದ ಕೂಡಲೇ ಅಲ್ಲಿನ ಕಿಣ್ವ ಅದನ್ನು ಕೆಲವೇ ಸೆಕೆಂಡುಗಳಲ್ಲಿ ಒಡೆಯತೊಡಗುತ್ತದೆ, ಮಗುವಿನವರೆಗೆ ಹೋಗುವುದು ಅತ್ಯಲ್ಪ. ಪ್ರಸೂತಿ ವೈದ್ಯರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಿರಲಿಲ್ಲ.

1980ರ ದಶಕದ ಆರಂಭದಲ್ಲಿ ಆ ಸಮಾಧಾನ ಕದಡಿತು. ಎಪಿಡ್ಯೂರಲ್‌ಗೆಂದು ಅಳೆದ ದೊಡ್ಡ ಪ್ರಮಾಣದ ಔಷಧಿ ಅಕಸ್ಮಾತ್ತಾಗಿ ಬೆನ್ನಿನ ದ್ರವಕ್ಕೇ ಹೋದಾಗ ಕೆಲವರಲ್ಲಿ ನರದೌರ್ಬಲ್ಯ ಉಳಿದುಬಿಟ್ಟಿತು. ಬೆರಳು ತೋರಿದ್ದು ಮುಖ್ಯವಾಗಿ ಔಷಧಿ ಕೆಡದಂತೆ ಸೇರಿಸಿದ್ದ ಬೈಸಲ್ಫೈಟ್ ಎಂಬ ಸಂರಕ್ಷಕ ಮತ್ತು ದ್ರಾವಣದ ಆಮ್ಲೀಯತೆಯ ಕಡೆಗೆ. ಸಂರಕ್ಷಕ ಬದಲಿಸಿದರು, ಆಗ ಕೆಲವರಿಗೆ ತೀವ್ರ ಬೆನ್ನುನೋವು ಬಂತು. 1990ರ ದಶಕದ ನಡುವಿನಲ್ಲಿ ಯಾವ ಸಂರಕ್ಷಕವೂ ಇಲ್ಲದ ರೂಪ ತಯಾರಾಯಿತು. ಈ ಶತಮಾನದ ಆರಂಭದಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ಸಣ್ಣ ಪ್ರಮಾಣದಲ್ಲಿ ಅದರ ಪರೀಕ್ಷೆ ನಡೆಯಿತು. ಬಳಿಕ ಬೆನ್ನಿಗೆಂದೇ ಸಿದ್ಧಪಡಿಸಿದ ಶೇ 1ರ ದ್ರಾವಣಕ್ಕೆ ಯುರೋಪಿನ ಹಲವು ದೇಶಗಳಲ್ಲಿ ಕಳೆದ ದಶಕದ ಮೊದಲ ಭಾಗದಲ್ಲಿ, ಅಮೆರಿಕದಲ್ಲಿ 2017ರಲ್ಲಿ ಅನುಮತಿ ದೊರೆಯಿತು. ಈಚಿನ ವರ್ಷಗಳಲ್ಲಿ ಭಾರತದಲ್ಲೂ ಸಿಗುತ್ತಿದೆ, ಇಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ಹೋಲಿಕೆಯ ಅಧ್ಯಯನಗಳೂ ನಡೆಯುತ್ತಿವೆ.

ಹೋಲಿಕೆಯಲ್ಲಿ ಕಾಣುವ ಅಂತರ ಚಿಕ್ಕದಲ್ಲ. ಕೆಳಹೊಟ್ಟೆ ಮತ್ತು ಕಾಲಿನ ಚಿಕ್ಕ ಶಸ್ತ್ರಚಿಕಿತ್ಸೆಗಳಿಗೆ ಕ್ಲೋರೊಪ್ರೊಕೇನ್ 50 ಮಿಲಿಗ್ರಾಂ ಮತ್ತು ಬ್ಯುಪಿವಕೇನ್ 10 ಮಿಲಿಗ್ರಾಂಗಳನ್ನು ಹೋಲಿಸಿದ ಯುರೋಪಿನ ಪ್ರಯೋಗವೊಂದರಲ್ಲಿ, ಮೊದಲನೆಯದನ್ನು ಪಡೆದವರು ಎದ್ದು ನಡೆಯಲು ಸುಮಾರು ಎರಡೂವರೆ ಗಂಟೆ ಬೇಕಾಯಿತು, ಎರಡನೆಯದನ್ನು ಪಡೆದವರಿಗೆ ಐದು ಗಂಟೆಯ ಹತ್ತಿರ. ಗರ್ಭಕಂಠದ ಹೊಲಿಗೆಗೆಂದೇ ನಡೆದ ಪ್ರಯೋಗದ ಗಾತ್ರ ಚಿಕ್ಕದು, ಆದರೆ ಅದೂ ತೋರಿಸಿದ ದಿಕ್ಕು ಅದೇ. ಅದೇ ಯುರೋಪಿನ ಪ್ರಯೋಗದಲ್ಲಿ ಇನ್ನೊಂದು ಅಂಕಿಯೂ ಇತ್ತು, ಅದನ್ನು ಉತ್ಸಾಹಿಗಳು ಅಷ್ಟಾಗಿ ಉಲ್ಲೇಖಿಸುವುದಿಲ್ಲ. ಕ್ಲೋರೊಪ್ರೊಕೇನ್ ಪಡೆದವರು ಎರಡು ಗಂಟೆಯ ಸುಮಾರಿಗೇ ನೋವಿನ ಔಷಧಿ ಕೇಳಿದರು, ಬ್ಯುಪಿವಕೇನ್‌ನವರು ಕೇಳಿದ್ದು ಐದು ಗಂಟೆಯ ಹತ್ತಿರ. ಜೋಮು ಬೇಗ ಬಿಟ್ಟರೆ ನೋವೂ ಬೇಗ ಬರುತ್ತದೆ. ಗರ್ಭಕಂಠದ ಹೊಲಿಗೆಯ ನಂತರ ನೋವು ಸಾಮಾನ್ಯವಾಗಿ ಸೌಮ್ಯ, ಅಲ್ಲಿ ಇದು ದೊಡ್ಡ ನಷ್ಟವಲ್ಲ. ಹೊಟ್ಟೆ ಕೊಯ್ದು ಮಾಡುವ ಟ್ಯೂಬೆಕ್ಟಮಿಯ ನಂತರ ಪರಿಸ್ಥಿತಿ ಬೇರೆ.

ಇನ್ನೊಂದು ಅಂಜಿಕೆ ಕೆಲಸದ ನಡುವೆ ಜೋಮು ಇಳಿಯುವುದು. ಕ್ಲೋರೊಪ್ರೊಕೇನ್‌ನಿಂದ ಖಚಿತವಾಗಿ ಸಿಗುವುದು 40ರಿಂದ 60 ನಿಮಿಷದ ಅವಕಾಶ. ವಿದ್ಯಾರ್ಥಿಗೆ ಕಲಿಸುತ್ತ ಮಾಡುವ ಶಸ್ತ್ರಚಿಕಿತ್ಸೆ, ಹಿಂದಿನ ಸಿಸೇರಿಯನ್‌ನಿಂದ ಅಂಗಾಂಶ ಅಂಟಿಕೊಂಡಿರುವ ಹೊಟ್ಟೆ, ಇಂಜೆಕ್ಷನ್ ಆದ ಮೇಲೆ ಬಾಗಿಲಲ್ಲಿ ಕಾಯುವ ಶಸ್ತ್ರವೈದ್ಯ — ಇವೆಲ್ಲ ಆ ಅವಕಾಶವನ್ನು ಕ್ಷಣದಲ್ಲಿ ನುಂಗಿಹಾಕುತ್ತವೆ. ಆಗ ಪೂರ್ಣ ಅರಿವಳಿಕೆಗೆ ತಿರುಗಬೇಕಾಗುತ್ತದೆ. ಬೆನ್ನಿನ ಇಂಜೆಕ್ಷನ್ ಕೊಟ್ಟದ್ದೇ ಅದನ್ನು ತಪ್ಪಿಸುವುದಕ್ಕೆ. ಬ್ಯುಪಿವಕೇನ್ ಬಿಡದೆ ಹಿಡಿದಿರುವ ತಜ್ಞರ ವಾದದಲ್ಲಿ ತೂಕವಿರುವುದು ಇಲ್ಲಿಯೇ. ಹೆಚ್ಚು ಹೊತ್ತು ಕೆಲಸ ಮಾಡುವ ಔಷಧಿಯಿಂದ ಯಾರೂ ಥಿಯೇಟರಿನಲ್ಲಿ ಕಿರುಚಿಕೊಳ್ಳುವುದಿಲ್ಲ ಎಂದು ಅವರು ಹೇಳುವುದು ಅನುಭವದಿಂದ.

ನಡುವಣ ದಾರಿಯೂ ಒಂದಿದೆ. ಬ್ಯುಪಿವಕೇನ್ ಪ್ರಮಾಣ ಇಳಿಸಿ ಅದಕ್ಕೆ ಕೆಲವೇ ಮೈಕ್ರೊಗ್ರಾಂ ಫೆಂಟನಿಲ್ ಎಂಬ ನೋವುನಿವಾರಕ ಸೇರಿಸುವುದು. ಜೋಮಿನ ಆಳ ಉಳಿಯುತ್ತದೆ, ಅವಧಿ ಒಂದಷ್ಟು ಕಡಿಮೆಯಾಗುತ್ತದೆ, ಬದಲಿಗೆ ಮೈ ತುರಿಕೆ ಬರುತ್ತದೆ. ಪ್ರಮಾಣ ಬಹಳ ಇಳಿಸಿದರೆ ಕೆಲವರಿಗೆ ಜೋಮು ಸಾಕಷ್ಟು ಮೇಲಕ್ಕೆ ಏರುವುದೇ ಇಲ್ಲ. ಯುರೋಪಿನಲ್ಲಿ ಬಳಕೆಯಲ್ಲಿರುವ ಪ್ರಿಲೊಕೇನ್ ಎಂಬ ಔಷಧಿ ಅವಧಿಯಲ್ಲಿ ಕ್ಲೋರೊಪ್ರೊಕೇನ್ ಮತ್ತು ಬ್ಯುಪಿವಕೇನ್‌ಗಳ ನಡುವೆ ನಿಲ್ಲುತ್ತದೆ.

ಬಸುರಿಯ ದೇಹದ ಲೆಕ್ಕ ಬೇರೆ

ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಬಂದ ಗಂಡಸರ ಮೇಲೆ ನಡೆದ ಪ್ರಯೋಗದ ಅಂಕಿಗಳನ್ನು ಬಸುರಿಯರಿಗೆ ಹಾಗೆಯೇ ಅನ್ವಯಿಸಲಾಗದು. ಗರ್ಭ ಬೆಳೆದಂತೆ ಬೆನ್ನೆಲುಬಿನ ಒಳಗಿನ ರಕ್ತನಾಳಗಳು ಹಿಗ್ಗಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಜಾಗ ಕಡಿಮೆಯಾಗುತ್ತದೆ. ಹಾರ್ಮೋನುಗಳ ಪ್ರಭಾವದಿಂದ ನರಗಳೂ ಔಷಧಿಗೆ ಹೆಚ್ಚು ಸೂಕ್ಷ್ಮವಾಗುತ್ತವೆ. ಹಾಗಾಗಿ ತುಂಬಿದ ಬಸುರಿಗೆ ಇತರರಿಗಿಂತ ಸುಮಾರು ಕಾಲು ಭಾಗ ಕಡಿಮೆ ಔಷಧಿ ಸಾಕು, ಅದೇ ಪ್ರಮಾಣ ಕೊಟ್ಟರೆ ಜೋಮು ಮೇಲೇರುತ್ತದೆ. ಹೆರಿಗೆಯಾಗಿ ಒಂದೆರಡು ದಿನದಲ್ಲೇ ಈ ಲೆಕ್ಕ ಹಳೆಯ ಸ್ಥಿತಿಗೆ ಮರಳತೊಡಗುತ್ತದೆ. ಅಂದರೆ ಸೋಮವಾರ ಸಿಸೇರಿಯನ್‌ಗೆ ಸಾಕಾದ ಅಳತೆ ಬುಧವಾರ ಟ್ಯೂಬೆಕ್ಟಮಿಗೆ ಸಾಲದೇ ಹೋಗಬಹುದು.

ಜೋಮು ಎಲ್ಲಿಯವರೆಗೆ ಏರಬೇಕು ಎಂಬುದೂ ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ಗರ್ಭಕಂಠದ ಹೊಲಿಗೆಗೆ ಹೊಕ್ಕುಳಿನವರೆಗೆ ಸಾಕು. ಹೆರಿಗೆಯ ಮರುದಿನದ ಟ್ಯೂಬೆಕ್ಟಮಿಯ ಕೊಯ್ತ ಹೊಕ್ಕುಳಿನ ಕೆಳಗೇ ಇದ್ದರೂ, ನಾಳವನ್ನು ಎಳೆಯುವಾಗ ಒಳಗಿನ ಪೊರೆ ಜಗ್ಗುವುದರಿಂದ ಜೋಮು ಎದೆಯ ಮಟ್ಟ ಮುಟ್ಟಬೇಕು. ಇಲ್ಲದಿದ್ದರೆ ಆಕೆಗೆ ವಾಕರಿಕೆ, ಹೊಟ್ಟೆಯೊಳಗಿನಿಂದ ಯಾರೋ ಕಿತ್ತಂತಹ ಸಂಕಟ. ಯಾವ ಔಷಧಿಯೇ ಆಗಲಿ ಬಿಪಿ ಇಳಿಯುವುದು ಸಾಮಾನ್ಯ, ಆ ಬಗ್ಗೆ ಎಚ್ಚರ ಬೇಕು. ಬೇಗ ಇಳಿಯುವ ಔಷಧಿ ಎಂದು ಈ ಎಚ್ಚರವನ್ನು ಸಡಿಲಿಸುವಂತಿಲ್ಲ.

ದಕ್ಷಿಣ ಭಾರತಕ್ಕೆ ಸಂಬಂಧಿಸಿದ ಸಂಗತಿಯೊಂದು ಇಲ್ಲಿ ಸೇರಬೇಕು. ಕ್ಲೋರೊಪ್ರೊಕೇನನ್ನು ರಕ್ತದಲ್ಲಿ ಒಡೆಯುವ ಕಿಣ್ವ ಹುಟ್ಟಿನಿಂದಲೇ ಕೊರತೆ ಇರುವವರ ಪ್ರಮಾಣ ಇಲ್ಲಿನ ಕೆಲವು ಸಮುದಾಯಗಳಲ್ಲಿ ಹೆಚ್ಚೆಂದು ಅಧ್ಯಯನಗಳು ದಾಖಲಿಸಿವೆ. ಪೂರ್ಣ ಅರಿವಳಿಕೆಯಲ್ಲಿ ಬಳಸುವ ಸ್ನಾಯು ಸಡಿಲಿಸುವ ಔಷಧಿಯೊಂದು ಇಂಥವರಿಗೆ ಉಸಿರು ಮರಳದಂತೆ ಬಹಳ ಹೊತ್ತು ಹಿಡಿದಿಡುವುದರಿಂದ ನಮ್ಮ ತಜ್ಞರಿಗೆ ಇದು ಪರಿಚಿತ. ಬೆನ್ನಿಗೆ ಕೊಡುವ ಪ್ರಮಾಣ ಚಿಕ್ಕದು, ಬೆನ್ನಿನ ದ್ರವದಲ್ಲಿ ಈ ಕಿಣ್ವದ ಪಾತ್ರವೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹೆದರಬೇಕಿಲ್ಲ. ಆದರೆ ‘ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಉಸಿರಾಟ ಮರಳುವುದು ತಡವಾಗಿತ್ತೇ’ ಎಂಬ ಒಂದು ಪ್ರಶ್ನೆಗೆ ಖರ್ಚೇನೂ ಇಲ್ಲ.

ಅರ್ಧಕ್ಕೂ ಹೆಚ್ಚು ದಂಪತಿಗಳ ಪ್ರಶ್ನೆ

ಗರ್ಭಕಂಠದ ಹೊಲಿಗೆ ಕೆಲವರಿಗಷ್ಟೇ ಬೇಕಾಗುವುದು. ಟ್ಯೂಬೆಕ್ಟಮಿ ಹಾಗಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವಿವಾಹಿತ ಮಹಿಳೆಯರಲ್ಲಿ ಶೇ 38ರಷ್ಟು ಮಂದಿಯ ಗರ್ಭನಿರೋಧ ವಿಧಾನ ಸಂತಾನಶಕ್ತಿ ಹರಣ ಚಿಕಿತ್ಸೆ. ಕರ್ನಾಟಕದಲ್ಲಿ ಅದು ಶೇ 57. ಪುರುಷರ ಚಿಕಿತ್ಸೆ ದೇಶಮಟ್ಟದಲ್ಲಿ ಶೇ 1ರ ಅರ್ಧಕ್ಕೂ ಕಡಿಮೆ. ಕುಟುಂಬ ಯೋಜನೆಯ ಪೂರ್ತಿ ಭಾರವನ್ನು ಹೆಣ್ಣಿನ ದೇಹದ ಮೇಲೆ ಹೊರಿಸಿದ ಸಮಾಜ, ಆ ಭಾರ ಹೊರುವ ದಿನವನ್ನಾದರೂ ಆಕೆಗೆ ಸಹ್ಯವಾಗಿಸುವ ಹೊಣೆ ಹೊತ್ತಿದೆ.

ಅವಸರ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದನ್ನು ದೇಶ ಕಂಡಿದೆ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರ ಶಸ್ತ್ರಚಿಕಿತ್ಸೆ ನಡೆಯಿತು. ಆ ದಿನಗಳ ಶಿಬಿರಗಳಿಂದ ಮರಳಿದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಬೆನ್ನಿನ ಅರಿವಳಿಕೆ ಬಳಕೆಯಾಗಿರಲಿಲ್ಲ, ಸಾವಿಗೆ ಅರಿವಳಿಕೆಯನ್ನು ದೂರುವಂತೆಯೂ ಇಲ್ಲ. ಆದರೆ ಚಿಕಿತ್ಸೆಯನ್ನು ನಿಮಿಷಗಳಲ್ಲಿ, ಮಹಿಳೆಯರನ್ನು ಸಂಖ್ಯೆಯಲ್ಲಿ ಅಳೆಯುವ ಮನೋಭಾವ ಅಲ್ಲಿ ಬೆತ್ತಲಾಯಿತು. ಶಿಬಿರ ಪದ್ಧತಿಯನ್ನು ಮೂರು ವರ್ಷದೊಳಗೆ ಕೊನೆಗಾಣಿಸಬೇಕೆಂದು ದೇಶದ ಅತ್ಯುನ್ನತ ನ್ಯಾಯಾಲಯ 2016ರಲ್ಲಿ ಆದೇಶಿಸಿತು. ಬೇಗ ಇಳಿಯುವ ಅರಿವಳಿಕೆಯ ಬಗ್ಗೆ ಮಾತಾಡುವಾಗ ಈ ನೆನಪು ಜೊತೆಯಲ್ಲಿರಬೇಕು. ಒಂದೇ ಮಂಚದಲ್ಲಿ ದಿನಕ್ಕೆ ಮೂವರ ಬದಲು ಆರು ಜನರನ್ನು ಮಲಗಿಸಲು ಬಳಸಿದರೆ ಒಳ್ಳೆಯ ಔಷಧಿಯೂ ಕೆಟ್ಟ ವ್ಯವಸ್ಥೆಯ ಕೈಗೆ ಸಿಕ್ಕಂತೆ.

ಹೆರಿಗೆಯ ಮರುದಿನ ಟ್ಯೂಬೆಕ್ಟಮಿಗೆ ಒಳಗಾಗುವ ಬಾಣಂತಿಯನ್ನು ಹೇಗೂ ಅದೇ ದಿನ ಮನೆಗೆ ಕಳಿಸುವುದಿಲ್ಲ. ಅವಳಿಗೆ ಎರಡು ಗಂಟೆ ಉಳಿಸಿ ಏನು ಲಾಭ ಎಂದು ಕೇಳುವವರಿದ್ದಾರೆ. ವಾರ್ಡಿಗೆ ಹೋಗಿ ನೋಡಿದರೆ ಉತ್ತರ ಸಿಗುತ್ತದೆ. ಕಾಲು ಅಲ್ಲಾಡದ ತಾಯಿ ಅಳುವ ಕೂಸಿನ ಕಡೆಗೆ ಮಗ್ಗುಲಾಗಲಾರಳು. ಅಜ್ಜಿ ಮಗುವನ್ನು ಎತ್ತಿ ತಂದು ಎದೆಗೆ ಹಿಡಿದು ನಿಲ್ಲಬೇಕು. ಅಜ್ಜಿ ಊಟ ತರಲು ಹೊರಗೆ ಹೋಗಿದ್ದರೆ ಪಕ್ಕದ ಮಂಚದವರನ್ನು ಕೇಳಿಕೊಳ್ಳಬೇಕು. ರಾತ್ರಿಯಿಂದ ಉಪವಾಸವಿದ್ದವಳಿಗೆ ಮಧ್ಯಾಹ್ನದವರೆಗೂ ಗುಟುಕು ನೀರಿಲ್ಲ. ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಮುಂಚಿನವರೆಗೂ ನೀರು ಕುಡಿಯಬಹುದೆಂದು ಇಂದಿನ ಮಾರ್ಗಸೂಚಿಗಳು ಹೇಳಿದರೂ ರಾತ್ರಿ ಪಾಳಿಯ ನರ್ಸಿಗೆ ಯಾರೂ ಅದನ್ನು ಹೇಳಿರುವುದಿಲ್ಲ. ಅವಳ ಬಾಯಾರಿಕೆ ನೀಗಲು ಔಷಧಿ ಬದಲಿಸಬೇಕಿಲ್ಲ, ಒಂದು ಸೂಚನೆ ಬದಲಿಸಿದರೆ ಸಾಕು.

ಆಂಪೂಲ್ ಒಡೆಯುವ ಕ್ಷಣ

ಹೊಸ ಔಷಧಿ ಕಪಾಟಿಗೆ ಬಂದರೆ ಕಪಾಟಿನಲ್ಲಿ ಇನ್ನೊಂದು ಗಾಜಿನ ಆಂಪೂಲ್ ಸೇರುತ್ತದೆ. ಇದನ್ನು ಹಗುರವಾಗಿ ಕಾಣುವಂತಿಲ್ಲ. ಹೆರಿಗೆಯ ರಕ್ತಸ್ರಾವ ತಡೆಯಲು ರಕ್ತನಾಳಕ್ಕೆ ಕೊಡುವ ಟ್ರಾನೆಕ್ಸಾಮಿಕ್ ಆಮ್ಲದ ಆಂಪೂಲನ್ನು ಬ್ಯುಪಿವಕೇನ್ ಎಂದು ತಿಳಿದು ಬೆನ್ನಿಗೆ ಕೊಟ್ಟ ದುರಂತಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಕೊಟ್ಟ ಕೆಲವೇ ನಿಮಿಷದಲ್ಲಿ ಕಾಲು ಸೆಳೆತ, ಫಿಟ್ಸ್. ವರದಿಯಾದ ಪ್ರಕರಣಗಳಲ್ಲಿ ಅರ್ಧದಷ್ಟು ಮಂದಿ ಬದುಕಲಿಲ್ಲ. 2022ರಲ್ಲಿ ಈ ಬಗ್ಗೆ ಜಾಗತಿಕ ಮಟ್ಟದ ಎಚ್ಚರಿಕೆಯೇ ಹೊರಬಂತು. ಕಾರಣ ಸರಳ: ಎರಡೂ ಗಾಜು ಒಂದೇ ಗಾತ್ರ, ಒಂದೇ ಟ್ರೇ, ತುರ್ತಿನ ಹೊತ್ತು. ಬೆನ್ನಿನ ಔಷಧಿಗಳನ್ನು ಬೇರೆ ಕಪಾಟಿನಲ್ಲಿಡುವುದು, ಒಡೆಯುವ ಮೊದಲು ಇಬ್ಬರು ಲೇಬಲನ್ನು ಗಟ್ಟಿಯಾಗಿ ಓದುವುದು, ಇವಕ್ಕೆ ಹಣ ಬೇಡ, ಶಿಸ್ತು ಬೇಕು. ಕ್ಲೋರೊಪ್ರೊಕೇನ್‌ನಲ್ಲಿ ಬೆನ್ನಿಗೆಂದು ತಯಾರಾದ ಸಂರಕ್ಷಕರಹಿತ ದ್ರಾವಣವನ್ನೇ ಕೊಳ್ಳಬೇಕು. ಟೆಂಡರಿನಲ್ಲಿ ಅದೇ ಹೆಸರಿನ ಇನ್ನೊಂದು ರೂಪ ಅಗ್ಗಕ್ಕೆ ಸಿಕ್ಕಿತೆಂದು ತರುವುದು 1980ರ ದಶಕದ ತಪ್ಪನ್ನು ಮತ್ತೆ ಆಹ್ವಾನಿಸಿದಂತೆ.

ಔಷಧಿ ಖರೀದಿಯ ಗುಣಮಟ್ಟ ಕರ್ನಾಟಕಕ್ಕೆ ದೂರದ ಮಾತಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಸತ್ತಾಗ ರಕ್ತನಾಳಕ್ಕೆ ಕೊಟ್ಟ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಎದ್ದಿತು, ರಾಜ್ಯವಿಡೀ ತಲ್ಲಣಿಸಿತು. ರಕ್ತನಾಳಕ್ಕೆ ಹೋಗುವ ದ್ರಾವಣಕ್ಕೇ ಇಷ್ಟು ಎಚ್ಚರ ಬೇಕೆಂದಾದರೆ ಬೆನ್ನುಹುರಿಯ ದ್ರವಕ್ಕೆ ಸೇರುವ ಹನಿಗೆ ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕು.

ಮನೆಗೆ ಹೋದ ಮೇಲೆ

‘ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗಿನಿಂದ ಬೆನ್ನುನೋವು’ ಎಂಬ ಮಾತು ನಮ್ಮಲ್ಲಿ ಕೇಳದ ಮನೆಯಿಲ್ಲ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ವರ್ಷಗಟ್ಟಲೆ ಉಳಿಯುವ ನೋವಿಗೂ ಈ ಇಂಜೆಕ್ಷನ್ನಿಗೂ ಸಂಬಂಧವನ್ನು ಅಧ್ಯಯನಗಳು ಕಂಡಿಲ್ಲ. ಬಸುರಿನಲ್ಲಿ ಸಡಿಲವಾದ ಕೀಲು, ಕೂತು ಹಾಲೂಡಿಸುವ ಭಂಗಿ, ಹೆತ್ತ ಕೂಡಲೇ ಹೊರಬೇಕಾದ ಕೊಡ ಇವುಗಳ ಪಾಲು ದೊಡ್ಡದು. ಆದರೆ ಆಕೆಯ ನೋವು ಸುಳ್ಳಲ್ಲ. ‘ಇಂಜೆಕ್ಷನ್ ಕಾರಣವಲ್ಲ’ ಎಂದು ಹೇಳಿ ಬಾಗಿಲು ಮುಚ್ಚುವ ಬದಲು ಕಾರಣ ಯಾವುದೆಂದು ನೋಡುವುದು ವೈದ್ಯರ ಕರ್ತವ್ಯ.

ತಲೆನೋವಿನ ಮಾತು ಬೇರೆ, ಅದಕ್ಕೆ ಸೂಜಿಯೇ ಕಾರಣ. ಸೂಜಿಯ ರಂಧ್ರದಿಂದ ಬೆನ್ನಿನ ದ್ರವ ಸೋರಿದರೆ ಒಂದೆರಡು ದಿನದ ನಂತರ, ಎದ್ದು ಕೂತರೆ ಹೆಚ್ಚಾಗಿ ಮಲಗಿದರೆ ಕಡಿಮೆಯಾಗುವ ತಲೆನೋವು ಬರುತ್ತದೆ. ಹರೆಯದ ಹೆಂಗಸರಿಗೆ ಇದರ ಅಪಾಯ ಹೆಚ್ಚು. ಬೆನ್ನಿಗೆ ಸೂಜಿ ಹಾಕಿದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟು ನೋಡಿದ 2018ರ ವಿಶ್ಲೇಷಣೆಯಲ್ಲಿ, ಪೊರೆಯನ್ನು ಕೊಯ್ಯುವ ಹರಿತ ಅಂಚಿನ ಸೂಜಿ ಬಳಸಿದಲ್ಲಿ ಶೇ 11ರಷ್ಟು, ನಾರುಗಳನ್ನು ಸರಿಸಿ ಸಾಗುವ ಪೆನ್ಸಿಲ್ ಮೊನೆಯ ಸೂಜಿಯಲ್ಲಿ ಶೇ 4ರಷ್ಟು ಮಂದಿಗೆ ಈ ತಲೆನೋವು ಬಂದಿತ್ತು. ಪೆನ್ಸಿಲ್ ಮೊನೆಯದು ದುಬಾರಿ, ಆದ್ದರಿಂದ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇನ್ನೂ ಹರಿತ ಅಂಚಿನದೇ ಹೆಚ್ಚು. ಅದೇ ದಿನ ಮನೆಗೆ ಹೋದವಳಿಗೆ ಈ ತಲೆನೋವು ಬರುವುದು ಆಸ್ಪತ್ರೆಯಿಂದ ದೂರದ ಹಳ್ಳಿಯಲ್ಲಿ. ಬಾಣಂತಿಗೆ ಶೀತ ತಗುಲಿತೆಂದು ಕಿವಿಗೆ ಹತ್ತಿ ಇಟ್ಟು ಕತ್ತಲ ಕೋಣೆಯಲ್ಲಿ ಮಲಗಿಸುತ್ತಾರೆ. ಹೊಸ ಔಷಧಿಗೆ ಹಣ ಹೊಂದಿಸುವ ಆಸ್ಪತ್ರೆ ಮೊದಲು ಸೂಜಿಗೆ ಹಣ ಹೊಂದಿಸಬೇಕು ಎಂಬುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ.

ತೂಗಿ ನೋಡಿದರೆ

ಹಾಗಾದರೆ ಆಯ್ಕೆ ಯಾವುದು? ಕೆಲಸ ಅರ್ಧ ಗಂಟೆಯೊಳಗೆ ಮುಗಿಯುವುದು ಖಚಿತವಿರುವಲ್ಲಿ, ಶಸ್ತ್ರವೈದ್ಯರು ಕೈತೊಳೆದು ಸಿದ್ಧರಿರುವಲ್ಲಿ, ಜೋಮು ಬಿಡುವ ಮೊದಲೇ ನೋವಿನ ಮಾತ್ರೆ ಕೊಡುವ ಏರ್ಪಾಟಿರುವಲ್ಲಿ ಕ್ಲೋರೊಪ್ರೊಕೇನ್ ಮೇಲು ಎನ್ನಲು ಸಾಕಷ್ಟು ಆಧಾರವಿದೆ. ಗರ್ಭಕಂಠದ ಹೊಲಿಗೆ ಅದಕ್ಕೆ ಹೇಳಿಮಾಡಿಸಿದ ಸಂದರ್ಭ. ಗರ್ಭಿಣಿಯರ ಮೇಲೆ ನಡೆದ ಅಧ್ಯಯನಗಳ ಗಾತ್ರ ಚಿಕ್ಕದು, ಆದ್ದರಿಂದ ಬಳಸುವ ಪ್ರತಿ ಆಸ್ಪತ್ರೆಯೂ ತನ್ನ ಫಲಿತಾಂಶವನ್ನು ಬರೆದಿಡಬೇಕು. ಅವಧಿ ಅನಿಶ್ಚಿತವಾದ ಟ್ಯೂಬೆಕ್ಟಮಿಗೆ, ಕಲಿಕೆಯ ಥಿಯೇಟರಿಗೆ, ಒಬ್ಬರೇ ಅರಿವಳಿಕೆ ವೈದ್ಯರು ಇರುವ ತಾಲ್ಲೂಕು ಆಸ್ಪತ್ರೆಗೆ ಕಡಿಮೆ ಪ್ರಮಾಣದ ಬ್ಯುಪಿವಕೇನ್ ಜೊತೆ ಫೆಂಟನಿಲ್ ಇಂದಿಗೂ ಹೆಚ್ಚು ಭರವಸೆಯದು. ತಜ್ಞರ ಕೊರತೆಯಿಂದಾಗಿ ಎಂಬಿಬಿಎಸ್ ವೈದ್ಯರಿಗೆ ಕೆಲವು ತಿಂಗಳ ಅರಿವಳಿಕೆ ತರಬೇತಿ ಕೊಟ್ಟು ಸಿಸೇರಿಯನ್ ನಡೆಸುವ ದೇಶ ನಮ್ಮದು. ಅಂಥವರ ಕೈಗೆ ಕೊಡಬೇಕಾದದ್ದು ಒಂದೇ ಪರಿಚಿತ ಔಷಧಿ, ಗಟ್ಟಿಯಾದ ಅಭ್ಯಾಸ. ಲಿಗ್ನೋಕೇನ್‌ಗೆ ಮರಳಲು, ಬೇರೆ ದಾರಿ ಇರುವಾಗ, ಕಾರಣ ಕಾಣುವುದಿಲ್ಲ.

ಹೀಗೆ ಉಳಿತಾಯವಾದ ಸಮಯ ಯಾರದ್ದು ಎಂಬುದರ ಮೇಲೆ ಈ ಬದಲಾವಣೆಯ ಬೆಲೆ ನಿಂತಿದೆ. ಅದು ಆಸ್ಪತ್ರೆಯ ಮಂಚದ ಲೆಕ್ಕಕ್ಕೆ ಹೋದರೆ ಮಹಿಳೆಗೆ ಸಿಗುವುದು ಅವಸರದ ಬಿಡುಗಡೆ ಮಾತ್ರ. ನಡೆದಾಡಿ, ಮೂತ್ರ ಮಾಡಿ, ಏನಾದರೂ ತಿಂದು, ಜೊತೆಗೊಬ್ಬರಿದ್ದು ಆಕೆ ಹೊರಡಬೇಕು. ಯಾವ ಲಕ್ಷಣ ಕಂಡರೆ ಮರಳಬೇಕೆಂದು ಕನ್ನಡದಲ್ಲಿ ಬರೆದ ಚೀಟಿ ಕೈಯಲ್ಲಿರಬೇಕು. ಎರಡನೇ ಮೂರನೇ ದಿನ ಆಶಾ ಕಾರ್ಯಕರ್ತೆ ಅಥವಾ ನರ್ಸ್ ಫೋನ್ ಮಾಡಿ ತಲೆನೋವಿದೆಯೇ ಎಂದು ವಿಚಾರಿಸಬೇಕು. ಇವಿಲ್ಲದೆ ಔಷಧಿ ಬದಲಿಸಿದರೆ ತೊಂದರೆ ವಾರ್ಡಿನಿಂದ ಮನೆಗೆ ಸ್ಥಳಾಂತರವಾಗುತ್ತದೆ ಅಷ್ಟೆ.

ಬೆನ್ನಿನ ಇಂಜೆಕ್ಷನ್ ಬೇಕೆಂದು ವೈದ್ಯರು ಹೇಳಿದಾಗ ಮೂರು ಪ್ರಶ್ನೆ ಕೇಳಲು ಪ್ರತಿ ಕುಟುಂಬಕ್ಕೂ ಹಕ್ಕಿದೆ. ಯಾವ ಔಷಧಿ ಕೊಡುತ್ತೀರಿ, ಜೋಮು ಬಿಡಲು ಎಷ್ಟು ಹೊತ್ತು ಬೇಕು, ಮನೆಗೆ ಹೋದ ಮೇಲೆ ತಲೆನೋವು ಬಂದರೆ ಯಾರಿಗೆ ಫೋನ್ ಮಾಡಬೇಕು? ಈ ಮೂರನ್ನೂ ಕೇಳಿ, ಉತ್ತರ ಸಿಕ್ಕ ಮೇಲೆ ಸಹಿ ಹಾಕಿ.